ಭಾರದ ಪದ, ಹಗುರ ವಾದ

ಸ್ನಾತಕೋತ್ತರ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಅಳೆಯುವಾಗ ಭಾರದ ಪದಗಳಿಗೆ ಅಂಕ ಕೊಡಬೇಡಿ, ಸಾಮಾನ್ಯ ಪದಗಳನ್ನು ಸರಿಯಾಗಿ ಬಳಸಿದ್ದಾರೆಯೇ ನೋಡಿ ಎಂದರೆ ನಮ್ಮ ವಿಶ್ವವಿದ್ಯಾಲಯಗಳ ಒಂದು ವರ್ಗಕ್ಕೆ ಸಿಟ್ಟು ಬರುತ್ತದೆ. ಪ್ರಬಂಧ ರಚನೆಯ ಕಾರ್ಯಾಗಾರ ನಡೆಸುವವರು, ಐಇಎಲ್‌ಟಿಎಸ್ ಕೋಚಿಂಗ್ ಕೊಡುವವರು, ಮೌಲ್ಯಮಾಪನದ ನಮೂನೆಯಲ್ಲಿ ‘ಶಬ್ದಸಂಪತ್ತು’ ಎಂಬ ಕಾಲಂ ಹಾಕಿಕೊಂಡು ಕೂತವರು, ಎಲ್ಲರೂ ಈ ವರ್ಗದಲ್ಲಿದ್ದಾರೆ. ಅವರು ಹೇಳುವುದು ಇಷ್ಟು: ನಮ್ಮ ಮಕ್ಕಳ ಇಂಗ್ಲಿಷ್ ಸೊರಗಿರುವುದು ಪದಗಳಿಲ್ಲದೆ, ಪದ ಕೊಡಿ, ಪ್ರಬಂಧ ತಾನಾಗಿ ಮೇಲೇಳುತ್ತದೆ. ನನ್ನ ನಿಲುವು ಇದಕ್ಕೆ ನೇರ ವಿರುದ್ಧ. ಆ ಮಕ್ಕಳಿಗೆ ಪದಗಳ ಕೊರತೆಯಿಲ್ಲ. ಕೊರತೆಯಿರುವುದು ಗೊತ್ತಿರುವ ಪದದ ಮೇಲಿನ ಹಿಡಿತಕ್ಕೆ. ಭಾರದ ಪದಕ್ಕೆ ಕೊಡುವ ಪ್ರತಿಯೊಂದು ಅಂಕವೂ ಆ ಹಿಡಿತವನ್ನು ಇನ್ನಷ್ಟು ಸಡಿಲಿಸುತ್ತದೆ. ಎದುರಾಳಿಗಳ ವಾದಗಳನ್ನು ಒಂದೊಂದಾಗಿ, ಅವರು ಹೇಳುವಷ್ಟೇ ಬಲವಾಗಿ ಮುಂದಿಡುತ್ತೇನೆ. ತೀರ್ಪು ಓದುಗರದು.

ಅವರ ಮೊದಲ ಅಸ್ತ್ರ ಪಟ್ಟಿ. ಶೈಕ್ಷಣಿಕ ಬರಹಕ್ಕೆ ತನ್ನದೇ ಆದ ಪದಭಂಡಾರವಿದೆ, ವಿದ್ವಾಂಸರು ಅದನ್ನು ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟಿದ್ದಾರೆ, ಅದು ಬಾಯಿಪಾಠವಾದರೆ ಅರ್ಧ ಕೆಲಸ ಮುಗಿಯಿತು ಎನ್ನುತ್ತಾರೆ. ಅವರು ಹೆಸರಿಸುವುದು ನ್ಯೂಜಿಲೆಂಡಿನ ಏವ್ರಿಲ್ ಕಾಕ್ಸ್‌ಹೆಡ್ ಅವರ ಅಕಾಡೆಮಿಕ್ ವರ್ಡ್ ಲಿಸ್ಟ್ ಅನ್ನು. 2000ದಲ್ಲಿ ಪ್ರಕಟವಾದ ಈ ಪಟ್ಟಿಯಲ್ಲಿ 570 ಪದಕುಟುಂಬಗಳಿವೆ. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಎಂಬ ನಾಲ್ಕು ವಿಭಾಗಗಳ 28 ವಿಷಯಗಳಿಂದ ಒಟ್ಟುಮಾಡಿದ ಸುಮಾರು 35 ಲಕ್ಷ ಪದಗಳ ಬರಹರಾಶಿಯನ್ನು ಜಾಲಾಡಿ ಕಟ್ಟಿದ ಪಟ್ಟಿ ಅದು. ಗಟ್ಟಿ ಕೆಲಸ, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಅದರ ಹೆಸರು ಹೇಳಿಕೊಂಡು ನಡೆಯುವ ಕೆಲಸದ ಬಗ್ಗೆ. ಪಟ್ಟಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಮೊದಲ ಅರವತ್ತು ಪದಗಳಲ್ಲಿ ಏನೇನಿದೆ ನೋಡಿ: ಏರಿಯಾ, ಡೇಟಾ, ಇನ್‌ಕಮ್, ಮೆಥಡ್, ಪಾಲಿಸಿ, ಪರ್ಸೆಂಟ್, ಪೀರಿಯಡ್, ರೋಲ್. ಬಸ್ಸಿನಲ್ಲಿ ಕೂತು ಕನ್ನಡದಲ್ಲೇ ಹರಟುವವರ ಬಾಯಲ್ಲೂ ಇವುಗಳಲ್ಲಿ ಅರ್ಧ ಓಡಾಡುತ್ತವೆ. ಹಾಗಾದರೆ ‘ನಿಮ್ಮ ಬರಹಕ್ಕೆ ತೂಕ ತರುವ ಪದಗಳು’ ಎಂದು ಕಾರ್ಯಾಗಾರಗಳಲ್ಲಿ ಕರಪತ್ರ ಮಾಡಿ ಹಂಚುವುದು ಯಾವುದನ್ನು? ಪ್ಲೆಥೋರಾ, ಮಿರಿಯಡ್, ಡೆಲ್ವ್. ಈ ಮೂರರಲ್ಲಿ ಒಂದೂ ಕಾಕ್ಸ್‌ಹೆಡ್ ಪಟ್ಟಿಯಲ್ಲಿಲ್ಲ. ಸಾಕ್ಷಿಯ ಹೆಸರನ್ನು ಮಾತ್ರ ಉಳಿಸಿಕೊಂಡು ಅವರ ಹೇಳಿಕೆಯನ್ನು ಕಡತದಿಂದ ಕಿತ್ತು ಹಾಕುವುದಕ್ಕೆ ಯಾವ ನ್ಯಾಯಾಲಯದಲ್ಲೂ ಒಳ್ಳೆಯ ಹೆಸರಿಲ್ಲ.

ಇನ್ನೊಂದು ಲೆಕ್ಕವನ್ನೂ ಅವರು ಬಾಯಿಬಿಡುವುದಿಲ್ಲ. ಶೈಕ್ಷಣಿಕ ಬರಹದ ಹತ್ತು ಪದಗಳಲ್ಲಿ ಸುಮಾರು ಒಂದು ಮಾತ್ರ ಈ ಪಟ್ಟಿಗೆ ಸೇರಿದ್ದು. ಮುಕ್ಕಾಲು ಪಾಲು ಬರುವುದು ಇಂಗ್ಲಿಷಿನ ಅತಿ ಸಾಮಾನ್ಯವಾದ ಎರಡು ಸಾವಿರ ಪದಗಳಿಂದ. ಆ ಸಾಮಾನ್ಯ ಪದಗಳ ಪಟ್ಟಿಯನ್ನು 1953ರಲ್ಲಿ ಹೊರತಂದವರು ಮೈಕೇಲ್ ವೆಸ್ಟ್. ಅದರಲ್ಲಿದ್ದವನ್ನೆಲ್ಲ ಹೊರಗಿಟ್ಟ ಮೇಲೆಯೇ ಕಾಕ್ಸ್‌ಹೆಡ್ ತಮ್ಮ ಎಣಿಕೆ ನಡೆಸಿದ್ದು. ವೆಸ್ಟ್ ಈ ಕೆಲಸಕ್ಕೆ ಇಳಿದದ್ದು ಎಲ್ಲಿ ಎಂಬುದನ್ನು ನಮ್ಮವರು ತಿಳಿಯಬೇಕು. ಅವರು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದರು. 1920ರ ದಶಕದಲ್ಲಿ ಬಂಗಾಳದ ಶಾಲೆಗಳ ಇಂಗ್ಲಿಷ್ ಪಠ್ಯಗಳನ್ನು ನೋಡಿದ ಅವರಿಗೆ ಕಂಡದ್ದು, ಮಕ್ಕಳು ಎಂದೂ ಬಳಸದ ಹಳೆಯ, ಅಪರೂಪದ ಸಾಹಿತ್ಯಕ ಪದಗಳು ಪುಟಪುಟದಲ್ಲೂ ತುಂಬಿಕೊಂಡಿದ್ದು. ಅವನ್ನು ಕಿತ್ತು, ಬಳಕೆಯ ಪದಗಳನ್ನು ಹಾಕಿ ಅವರು ಹೊಸ ವಾಚಕಗಳನ್ನು ಮಾಡಿದರು. ಅಂದರೆ ಆಯ್ದ ಪದಗಳ ಪಟ್ಟಿ ಎಂಬ ಆಲೋಚನೆ ನಮ್ಮ ಉಪಖಂಡದ ತರಗತಿಯಲ್ಲಿ ಬೆಳೆದದ್ದು ಹೊರೆ ಇಳಿಸುವುದಕ್ಕೆ. ನೂರು ವರ್ಷಗಳ ನಂತರ ಅದೇ ಉಪಖಂಡದ ತರಗತಿಯಲ್ಲಿ ಪಟ್ಟಿಯ ಹೆಸರಿನಲ್ಲಿ ಹೊರೆ ಏರಿಸಲಾಗುತ್ತಿದೆ.

ಒಂದು ಪದ ಎಲ್ಲ ವಿಭಾಗಕ್ಕೂ ಸಲ್ಲುತ್ತದೆ ಎಂಬ ಊಹೆಯೂ ನಿಲ್ಲುವುದಿಲ್ಲ. ಕೆನ್ ಹೈಲ್ಯಾಂಡ್ ಮತ್ತು ಪಾಲಿ ತ್ಸೆ 2007ರಲ್ಲಿ ಎತ್ತಿದ ಪ್ರಶ್ನೆ ಅದೇ: ಎಲ್ಲ ಶಾಸ್ತ್ರಗಳಿಗೂ ಸಮಾನವಾದ ಶೈಕ್ಷಣಿಕ ಪದಭಂಡಾರ ಎಂಬುದು ನಿಜಕ್ಕೂ ಇದೆಯೇ? ಒಂದೇ ಪದ ಬೇರೆ ಬೇರೆ ಶಾಸ್ತ್ರಗಳಲ್ಲಿ ಬೇರೆ ಅರ್ಥ, ಬೇರೆ ಸಂಗಾತಿಗಳನ್ನು ಇಟ್ಟುಕೊಳ್ಳುತ್ತದೆ ಎಂದು ಅವರು ತೋರಿಸಿದರು. ‘ಇಶ್ಯೂ’ ಎಂಬ ಪದ ಕಾಕ್ಸ್‌ಹೆಡ್ ಪಟ್ಟಿಯ ಮೊದಲ ಅರವತ್ತರಲ್ಲೇ ಇದೆ. ವಾಣಿಜ್ಯದ ವಿದ್ಯಾರ್ಥಿಗೆ ಅದು ಷೇರು ಬಿಡುಗಡೆ, ಗ್ರಂಥಾಲಯ ವಿಜ್ಞಾನದವಳಿಗೆ ಪತ್ರಿಕೆಯ ಸಂಚಿಕೆ, ಸಮಾಜಶಾಸ್ತ್ರದವನಿಗೆ ಸಮಸ್ಯೆ. ಕಾನೂನಿಗೆ ಬಂದರೆ ವಿಚಾರಣೆಯಲ್ಲಿ ಅದು ವಿವಾದಾಂಶ, ಉಯಿಲಿನಲ್ಲಿ ಸಂತಾನ. ಪಟ್ಟಿ ಇದರಲ್ಲಿ ಯಾವುದನ್ನು ಕಲಿಸುತ್ತದೆ? ಯಾವುದನ್ನೂ ಅಲ್ಲ. ಕಲಿಸುವುದು ಆ ಶಾಸ್ತ್ರದ ಓದು.

ನಿಜವಾದ ಕೊರತೆ ಎಲ್ಲಿದೆ ಎಂದು ಹತ್ತಿರದಿಂದ ನೋಡೋಣ. ಅರ್ಥಶಾಸ್ತ್ರದ ಒಬ್ಬ ವಿದ್ಯಾರ್ಥಿನಿ ತುರುವೇಕೆರೆ ತಾಲ್ಲೂಕಿನ 60 ಮಂದಿ ರಾಗಿ ಬೆಳೆಗಾರರನ್ನು ಮಾತಾಡಿಸಿ ಪ್ರಬಂಧ ಬರೆದಿದ್ದಾಳೆ ಎಂದುಕೊಳ್ಳಿ. ಕೊನೆಯ ಅಧ್ಯಾಯದಲ್ಲಿ ಆಕೆಯ ವಾಕ್ಯ: ‘ದಿಸ್ ಸ್ಟಡಿ ಪ್ರೂವ್ಸ್ ದಟ್ ಮಿನಿಮಮ್ ಸಪೋರ್ಟ್ ಪ್ರೈಸ್ ಹ್ಯಾಸ್ ಇಂಕ್ರೀಸ್ಡ್ ದಿ ಇನ್‌ಕಮ್ ಆಫ್ ಫಾರ್ಮರ್ಸ್ ಇನ್ ಕರ್ನಾಟಕ.’ ಇದರಲ್ಲಿ ಗೊತ್ತಿಲ್ಲದ ಪದ ಒಂದೂ ಇಲ್ಲ. ವ್ಯಾಕರಣ ಸರಿಯಿದೆ. ಆದರೂ ವಾಕ್ಯ ಮೂರು ಕಡೆ ಮುರಿದಿದೆ. ಒಂದು ತಾಲ್ಲೂಕಿನ 60 ಜನರ ಮಾತು ಏನನ್ನೂ ‘ಪ್ರೂವ್’ ಮಾಡಲಾರದು, ಹೆಚ್ಚೆಂದರೆ ‘ಸಜೆಸ್ಟ್’ ಮಾಡೀತು. ಬೆಂಬಲ ಬೆಲೆಯೇ ಆದಾಯ ಹೆಚ್ಚಿಸಿತೇ, ಅಥವಾ ಅದೇ ವರ್ಷ ಮಳೆ ಚೆನ್ನಾಗಿತ್ತೇ ಎಂದು ಆಕೆ ಬೇರ್ಪಡಿಸಿ ನೋಡಿಲ್ಲ; ಆದ್ದರಿಂದ ‘ಹ್ಯಾಸ್ ಇಂಕ್ರೀಸ್ಡ್’ ಎನ್ನುವಂತಿಲ್ಲ, ‘ಈಸ್ ಅಸೋಸಿಯೇಟೆಡ್ ವಿತ್’ ಎನ್ನಬಹುದು. ಇನ್ನು ಒಂದು ತಾಲ್ಲೂಕು ಕರ್ನಾಟಕವಲ್ಲ. ‘ಪ್ರೂವ್’ ಮತ್ತು ‘ಸಜೆಸ್ಟ್’ ಎರಡೂ ಆಕೆಗೆ ಪಿಯುಸಿಯಿಂದ ಗೊತ್ತು. ಎರಡರ ನಡುವಿನ ದೂರ ಎಷ್ಟು, ತನ್ನ ಅಂಕಿಅಂಶ ಅದರಲ್ಲಿ ಎಲ್ಲಿಯವರೆಗೆ ನಡೆಯಬಲ್ಲದು ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಕಾರ್ಯಾಗಾರದ ಪಂಡಿತರು ಇದೇ ವಾಕ್ಯವನ್ನು ತಿದ್ದುವುದು ಹೇಗೆ? ‘ಪ್ರೂವ್ಸ್’ ತೆಗೆದು ‘ಅನ್‌ಇಕ್ವಿವೊಕಲಿ ಸಬ್‌ಸ್ಟ್ಯಾನ್ಶಿಯೇಟ್ಸ್’ ಎಂದು ಹಾಕುತ್ತಾರೆ. ಮೊದಲು ವಾಕ್ಯ ತಪ್ಪಾಗಿತ್ತು. ಈಗ ಅದೇ ತಪ್ಪು ದೊಡ್ಡ ದನಿಯಲ್ಲಿ ಮಾತಾಡುತ್ತಿದೆ, ಮತ್ತು ಶಬ್ದಸಂಪತ್ತಿನ ಕಾಲಂನಲ್ಲಿ ಎರಡು ಅಂಕ ಹೆಚ್ಚು ಪಡೆಯುತ್ತಿದೆ.

ಎರಡನೆಯ ವಾದಕ್ಕೆ ಬರುತ್ತೇನೆ. ಅತಿ ಹೆಚ್ಚು ಹಾನಿ ಮಾಡಿರುವುದು ಇದೇ. ಒಂದೇ ಪದವನ್ನು ಮತ್ತೆ ಮತ್ತೆ ಬಳಸಿದರೆ ಬರಹ ಬಡವಾಗುತ್ತದೆ, ಪ್ರತಿ ಸಲವೂ ಸಮಾನಾರ್ಥಕ ಪದ ಹುಡುಕಬೇಕು ಎಂಬ ಉಪದೇಶ. ಕಥೆಗೆ ಇದು ಸಲ್ಲಬಹುದು. ಸಂಶೋಧನೆಗೆ ಇದು ವಿಷ. ಎಂ.ಕಾಂ. ಪ್ರಬಂಧದಲ್ಲಿ ಮೊದಲ ಪುಟದಲ್ಲಿ ‘ಇನ್‌ಕಮ್’ ಎಂದು ಬರೆದವನು, ಮರುಕಳಿಕೆ ತಪ್ಪಿಸಲು ಎರಡನೆಯ ಪುಟದಲ್ಲಿ ‘ರೆವಿನ್ಯೂ’, ಮೂರನೆಯದರಲ್ಲಿ ‘ಅರ್ನಿಂಗ್ಸ್’, ನಾಲ್ಕನೆಯದರಲ್ಲಿ ‘ಪ್ರಾಫಿಟ್’ ಎಂದು ಬರೆದರೆ ನಾಲ್ಕು ಬೇರೆ ಬೇರೆ ಸಂಗತಿಗಳ ಬಗ್ಗೆ ಬರೆದಂತಾಯಿತು. ಖರ್ಚು ಕಳೆಯುವ ಮೊದಲಿನ ವಹಿವಾಟಿನ ಮೊತ್ತವೂ ಕಳೆದ ಮೇಲೆ ಕೈಗೆ ಉಳಿಯುವ ಲಾಭವೂ ಒಂದೇ ಅಲ್ಲ ಎಂಬುದು ಚಿಲ್ಲರೆ ಅಂಗಡಿಯವನಿಗೆ ಗೊತ್ತಿದೆ. ಆ ಅಂಗಡಿಯವನ ಮಗ ಎಂ.ಕಾಂ.ಗೆ ಬಂದು, ಬರಹ ಚೆಂದವಾಗಲಿ ಎಂದು ಅದನ್ನು ಮರೆಯಬೇಕಾಗಿದೆ. ‘ಸಿಗ್ನಿಫಿಕೆಂಟ್’ ಎಂಬ ಪದದ ಗತಿಯನ್ನೂ ನೋಡಿ. ಸಂಖ್ಯಾಶಾಸ್ತ್ರದಲ್ಲಿ ಅದಕ್ಕೆ ಒಂದು ನಿಗದಿತ ಅರ್ಥವಿದೆ. ಅದರ ಜಾಗಕ್ಕೆ ‘ಮಾನ್ಯುಮೆಂಟಲ್’ ಎಂದು ಬರೆದವನು ತನ್ನ ಪರೀಕ್ಷೆಯ ಫಲಿತಾಂಶವನ್ನೇ ಸುಳ್ಳು ಮಾಡಿದ್ದಾನೆ.

ಇದಕ್ಕೆ ಅವರ ಬಳಿ ಒಂದು ಮರುವಾದ ಸಿದ್ಧವಿದೆ: ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶವಿದೆಯಲ್ಲ, ಹೋಲಿಕೆ ಶೇ 10 ದಾಟಬಾರದು ಎಂದು ಯುಜಿಸಿಯೇ ಹೇಳಿದೆಯಲ್ಲ, ಪದ ಬದಲಿಸದೆ ಮಕ್ಕಳು ಏನು ಮಾಡಬೇಕು ಎಂದು. ಯುಜಿಸಿಯ 2018ರ ನಿಯಮಾವಳಿಯನ್ನು ಓದದವರು ಮಾತ್ರ ಹೀಗೆ ಹೇಳಬಲ್ಲರು. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ, ಅದರ ಮೇಲೆ ಶೇ 40, ಶೇ 60 ಎಂದು ಹಂತಗಳಿವೆ ಎಂಬುದು ನಿಜ. ಆದರೆ ಅದೇ ನಿಯಮಾವಳಿ ಮೂಲವನ್ನು ಹೇಳಿ ಉದ್ಧರಿಸಿದ ಭಾಗವನ್ನು ಲೆಕ್ಕದಿಂದ ಹೊರಗಿಡುತ್ತದೆ, ಸಾಮಾನ್ಯ ಪಾರಿಭಾಷಿಕ ಪದಗಳನ್ನು ಹೊರಗಿಡುತ್ತದೆ, ಕಾನೂನುಗಳನ್ನು, ಸಂಕೇತಗಳನ್ನು, ಸಮೀಕರಣಗಳನ್ನು ಹೊರಗಿಡುತ್ತದೆ. ಕಾಕತಾಳೀಯವಾಗಿ ಹೊಂದುವ ಸಾಲಿಗೆ 14 ಅನುಕ್ರಮ ಪದಗಳವರೆಗೆ ವಿನಾಯಿತಿ ಕೊಡುತ್ತದೆ. ‘ಮಿನಿಮಮ್ ಸಪೋರ್ಟ್ ಪ್ರೈಸ್’ ಎಂದು ನೂರು ಸಲ ಬರೆದರೂ ಯಾರೂ ಕಳ್ಳರಾಗುವುದಿಲ್ಲ. ನಿಯಮ ಕೇಳುತ್ತಿರುವುದು ಬೇರೆಯವರ ಆಲೋಚನೆಗೆ ಅವರ ಹೆಸರು ಹಾಕು ಎಂದು. ನಮ್ಮ ಕಾರ್ಯಾಗಾರಗಳು ಅದನ್ನು ಬೇರೆಯವರ ಆಲೋಚನೆಗೆ ಬೇರೆ ಅಂಗಿ ಹಾಕು ಎಂದು ತಿರುಚಿವೆ. ಪ್ರಾಮಾಣಿಕತೆಗೆಂದು ಮಾಡಿದ ನಿಯಮವನ್ನು ಕದ್ದ ಮಾಲಿನ ಗುರುತು ಅಳಿಸುವ ಕೌಶಲವಾಗಿ ಕಲಿಸುವವರು, ಆಮೇಲೆ ವಿದ್ಯಾರ್ಥಿಗಳ ನೈತಿಕತೆ ಕುಸಿದಿದೆ ಎಂದು ಭಾಷಣ ಮಾಡುತ್ತಾರೆ.

ಈ ದಾರಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ದಾಖಲೆಯಿದೆ. ಗಿಯೋಮ್ ಕಬನಾಕ್, ಸಿರಿಲ್ ಲಾಬೆ, ಅಲೆಕ್ಸಾಂಡರ್ ಮಗಜಿನೊವ್ ಎಂಬ ಮೂವರು ಸಂಶೋಧಕರು 2021ರಲ್ಲಿ ‘ಹಿಂಸೆಗೊಳಗಾದ ಪದಗುಚ್ಛ’ಗಳ ಜಾಡು ಹಿಡಿದರು. ಪ್ರಕಟಿತ ವೈಜ್ಞಾನಿಕ ಲೇಖನಗಳಲ್ಲಿ ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಎಂಬುದು ‘ಕೌಂಟರ್‌ಫೀಟ್ ಕಾನ್ಷಸ್‌ನೆಸ್’ ಆಗಿತ್ತು, ಅಂದರೆ ನಕಲಿ ಪ್ರಜ್ಞೆ. ‘ಬಿಗ್ ಡೇಟಾ’ ಹೋಗಿ ‘ಕೊಲಾಸಲ್ ಇನ್ಫರ್ಮೇಷನ್’ ಬಂದಿತ್ತು. ಸ್ತನ ಕ್ಯಾನ್ಸರ್ ‘ಬುಝಮ್ ಪೆರಿಲ್’ ಆಗಿತ್ತು, ಎದೆಗೆ ಒದಗಿದ ಗಂಡಾಂತರ. ತಂತ್ರಾಂಶದ ಕಣ್ಣು ತಪ್ಪಿಸಲು ಪದಕ್ಕೆ ಪದ ಬದಲಿಸುವ ಯಂತ್ರಗಳ ಕೆಲಸ ಇದು ಎಂಬುದು ಅವರ ತೀರ್ಮಾನ. ಇದು ಮೋಸಗಾರರ ಕಥೆ, ನಮ್ಮ ವಿದ್ಯಾರ್ಥಿಗಳಿಗೆ ಏಕೆ ಅಂಟಿಸುತ್ತೀರಿ ಎಂದು ಎದುರಾಳಿಗಳು ಕೇಳುತ್ತಾರೆ. ನಾನು ಅಂಟಿಸುತ್ತಿರುವುದು ವಿದ್ಯಾರ್ಥಿಗಳಿಗಲ್ಲ, ಉಪದೇಶಕ್ಕೆ. ಒಂದು ಪದದ ಜಾಗಕ್ಕೆ ನಿಘಂಟು ‘ಸಮ’ ಎಂದ ಇನ್ನೊಂದನ್ನು ಇಟ್ಟರೆ ಅರ್ಥ ಕೆಡುವುದಿಲ್ಲ ಎಂಬ ನಂಬಿಕೆ ಎರಡೂ ಕಡೆ ಒಂದೇ. ಯಂತ್ರ ಅದನ್ನು ನಾಚಿಕೆಯಿಲ್ಲದೆ ಕೊನೆಯವರೆಗೂ ಪಾಲಿಸಿತು.

ಮೂರನೆಯದು: ಉದ್ದದ, ಅಪರೂಪದ ಪದ ವಿದ್ವತ್ತಿನ ಗುರುತು, ಓದುವವರಿಗೆ ಗೌರವ ಹುಟ್ಟಿಸುತ್ತದೆ. ಇದು ಪರೀಕ್ಷಿಸಬಹುದಾದ ಹೇಳಿಕೆ, ಮತ್ತು ಪರೀಕ್ಷೆ ಆಗಿದೆ. ಡೇನಿಯಲ್ ಓಪನ್‌ಹೈಮರ್ ಎಂಬ ಮನೋವಿಜ್ಞಾನಿ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಉನ್ನತ ವ್ಯಾಸಂಗದ ಪ್ರವೇಶಕ್ಕೆ ಬರೆದ ಬರಹಗಳನ್ನು ತೆಗೆದುಕೊಂಡು, ಥೆಸಾರಸ್ ನೋಡಿ ಉದ್ದದ ಪದಗಳನ್ನು ತುಂಬಿ ಓದುಗರಿಗೆ ಕೊಟ್ಟರು. ಪದಗಳು ಉದ್ದವಾದಷ್ಟೂ ಬರೆದವರ ಬುದ್ಧಿವಂತಿಕೆಯ ಬಗ್ಗೆ ಓದುಗರ ಅಂದಾಜು ಇಳಿಯಿತು. ಸಮಾಜಶಾಸ್ತ್ರದ ಪ್ರಬಂಧವೊಂದರ ಸಾರಾಂಶದಲ್ಲಿ ಉದ್ದದ ಪದ ತೆಗೆದು ಚಿಕ್ಕವನ್ನು ಹಾಕಿದಾಗ ಅಂದಾಜು ಏರಿತು. ಯಾಂತ್ರಿಕವಾಗಿ ಬದಲಿಸಿದ್ದರಿಂದ ಹಾಗಾಯಿತು, ಬಲ್ಲವರು ಬಳಸಿದರೆ ಬೇರೆ ಎಂದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ತತ್ತ್ವಜ್ಞಾನಿ ಡೆಕಾರ್ಟ್‌ನ ಒಂದೇ ಬರಹಭಾಗದ ಎರಡು ಅನುವಾದಗಳನ್ನು ಇಟ್ಟು ನೋಡಿದಾಗಲೂ ಸರಳವಾದದ್ದೇ ಗೆದ್ದಿತು. ಅಲ್ಲದೆ, ಯಾಂತ್ರಿಕ ಬದಲಾವಣೆ ಕೆಟ್ಟದ್ದು ಎಂದು ಒಪ್ಪಿಕೊಂಡ ಗಳಿಗೆಯಲ್ಲೇ ಅವರ ಎರಡನೆಯ ವಾದ ಬಿದ್ದುಹೋಗುತ್ತದೆ. ತಮ್ಮ ವಿದ್ಯಾರ್ಥಿಗಳಿಂದ ಅವರು ಮಾಡಿಸುತ್ತಿರುವುದು ಅದನ್ನೇ.

ಇಲ್ಲಿ ಒಂದು ಜಾರುವಿಕೆಯನ್ನು ಗಮನಿಸಬೇಕು. ಒತ್ತಿ ಕೇಳಿದರೆ ಅವರು ‘ನಾವು ಹೇಳುತ್ತಿರುವುದು ಆಡಂಬರವಲ್ಲ, ನಿಖರತೆ, ಫೋಟೊಸಿಂಥೆಸಿಸ್ ಎನ್ನುವ ಕಡೆ ಬೇರೆ ಏನು ಬರೆಯುವುದು?’ ಎನ್ನುತ್ತಾರೆ. ಪಾರಿಭಾಷಿಕ ಪದವನ್ನು ಬಿಡಿ ಎಂದು ಯಾರು ಹೇಳಿದರು? ಫೋಟೊಸಿಂಥೆಸಿಸ್, ಇಲ್ಯಾಸ್ಟಿಸಿಟಿ, ರೆಸ್ ಜುಡಿಕೇಟಾ ಇವುಗಳಿಗೆ ಸರಳ ಬದಲಿಯಿಲ್ಲ; ಬರೆಯಲೇಬೇಕು, ಪ್ರತಿ ಸಲ ಅದನ್ನೇ ಬರೆಯಬೇಕು. ನಮ್ಮ ಜಗಳ ಇರುವುದು ‘ಯೂಸ್’ ಸಾಕಾಗುವ ಕಡೆ ‘ಯುಟಿಲೈಜ್’, ‘ಮೆನಿ’ ಸಾಕಾಗುವ ಕಡೆ ‘ಎ ಪ್ಲೆಥೋರಾ ಆಫ್’ ಎಂದು ಬರೆಸುವುದರ ಬಗ್ಗೆ. ಪ್ಲೆಥೋರಾ ಎಂದರೆ ಬೇಕಾದ್ದಕ್ಕಿಂತ ಅತಿಯಾದದ್ದು. ‘ಹಳ್ಳಿಯಲ್ಲಿ ಶಾಲೆಗಳ ಪ್ಲೆಥೋರಾ ಇದೆ’ ಎಂದು ಹೊಗಳಿಕೆಯಾಗಿ ಬರೆದ ವಿದ್ಯಾರ್ಥಿ, ತನಗೇ ಗೊತ್ತಿಲ್ಲದೆ ಶಾಲೆ ಮುಚ್ಚಲು ಶಿಫಾರಸು ಮಾಡಿದ್ದಾನೆ. ಪರಿಭಾಷೆಯ ಬೆನ್ನ ಹಿಂದೆ ಅಲಂಕಾರವನ್ನು ನುಸುಳಿಸಿ, ಹಿಡಿದಾಗ ಪರಿಭಾಷೆಯನ್ನು ಮುಂದೊಡ್ಡುವುದು ವಾದವಲ್ಲ.

ಐಇಎಲ್‌ಟಿಎಸ್ ಹೆಸರು ಹೇಳಿ ಬರುವ ನಾಲ್ಕನೆಯ ವಾದಕ್ಕೆ ಹೆಚ್ಚು ಜಾಗ ಬೇಡ. ಬರವಣಿಗೆಯ ಅಂಕದಲ್ಲಿ ಕಾಲು ಭಾಗ ‘ಲೆಕ್ಸಿಕಲ್ ರಿಸೋರ್ಸ್’ಗೆ ಮೀಸಲು, ಹಾಗಾಗಿ ಪದ ತುಂಬಿಸಲೇಬೇಕು ಎನ್ನುತ್ತಾರೆ. ಕಾಲು ಭಾಗ ಮೀಸಲಿರುವುದು ನಿಜ. ಆ ಶೀರ್ಷಿಕೆಯ ಕೆಳಗೆ ಬರೆದಿರುವುದನ್ನು ಓದಿ: ವ್ಯಾಪ್ತಿಯ ಜೊತೆಗೆ ನಿಖರತೆ, ಪದ ಪದಗಳ ಸಹಜ ಜೋಡಣೆ, ಶೈಲಿಯ ಅರಿವು ಎಲ್ಲವನ್ನೂ ಅಲ್ಲಿ ಕೇಳಲಾಗಿದೆ, ಕಾಗುಣಿತವೂ ಲೆಕ್ಕಕ್ಕಿದೆ. ಕೋಚಿಂಗ್ ಕೇಂದ್ರಗಳು ಅರ್ಧ ವಾಕ್ಯ ಓದಿ ಪಟ್ಟಿ ಅಚ್ಚು ಹಾಕಿಸಿವೆ. ಅದೂ ಅಲ್ಲದೆ, ನಲವತ್ತು ನಿಮಿಷದ ಪರೀಕ್ಷಾ ಬರಹಕ್ಕೆ ಮಾಡಿದ ಅಳತೆಗೋಲನ್ನು ಒಂದು ವರ್ಷದ ಪ್ರಬಂಧಕ್ಕೆ ಏಕೆ ಹಿಡಿಯಬೇಕು ಎಂಬ ಪ್ರಶ್ನೆಗೆ ಅವರು ಉತ್ತರಿಸಿಲ್ಲ.

ಐದನೆಯದು ಅಂಕಿಅಂಶದ ವೇಷದಲ್ಲಿ ಬರುತ್ತದೆ. ಒಳ್ಳೆಯ ಅಂಕ ಪಡೆದ ಬರಹಗಳಲ್ಲಿ ಪದವೈವಿಧ್ಯ ಹೆಚ್ಚಿರುತ್ತದೆ, ಕಂಪ್ಯೂಟರಿನಲ್ಲಿ ಎಣಿಸಿ ನೋಡಿ ಎನ್ನುತ್ತಾರೆ. ಎಣಿಸೋಣ. ಬಟಿಯಾ ಲಾಫರ್ ಮತ್ತು ಪಾಲ್ ನೇಷನ್ 1995ರಲ್ಲಿ ರೂಪಿಸಿದ ವಿಧಾನದಲ್ಲಿ ಬರಹದ ಪದಗಳನ್ನು ನಾಲ್ಕು ರಾಶಿ ಮಾಡುತ್ತಾರೆ: ಮೊದಲ ಸಾವಿರ ಸಾಮಾನ್ಯ ಪದ, ಎರಡನೆಯ ಸಾವಿರ, ವಿಶ್ವವಿದ್ಯಾಲಯದ ಪದಪಟ್ಟಿ, ಉಳಿದದ್ದು. ಭಾಷೆ ಚೆನ್ನಾಗಿ ಬಲ್ಲವರ ಬರಹದಲ್ಲಿ ಕೊನೆಯ ಎರಡು ರಾಶಿ ದೊಡ್ಡದಾಗಿರುತ್ತವೆ. ಸರಿ. ಬಹಳ ಓದಿದವರಿಗೆ ಪದವೂ ಬರುತ್ತದೆ, ಬರವಣಿಗೆಯೂ ಬರುತ್ತದೆ; ಎರಡಕ್ಕೂ ಬೇರು ಓದು. ಓದನ್ನು ಬಿಟ್ಟು ಪದವನ್ನು ಮಾತ್ರ ಕಿತ್ತು ಕೊಡುವುದು ಶ್ರೀಮಂತರ ಕೈಯಲ್ಲಿ ಉಂಗುರ ಇರುತ್ತದೆಂದು ಬಡವನಿಗೆ ಬಾಡಿಗೆ ಉಂಗುರ ತೊಡಿಸಿ ಅವನ ಬಡತನ ಹೋಯಿತೆಂದು ವರದಿ ಬರೆದಂತೆ. ಒಟ್ಟು ಪದಗಳಿಗೆ ಬೇರೆ ಬೇರೆ ಪದಗಳ ಅನುಪಾತ ನೋಡುವ ಹಳೆಯ ಲೆಕ್ಕವಂತೂ ಬರಹ ಉದ್ದವಾದಷ್ಟೂ ತಾನಾಗಿ ಕುಸಿಯುತ್ತದೆ. ಅದನ್ನು ನಂಬಿದರೆ 80 ಪುಟದ ಪ್ರಬಂಧಕ್ಕಿಂತ ಅರ್ಧ ಪುಟದ ರಜಾ ಅರ್ಜಿಯೇ ಶ್ರೀಮಂತ ಬರಹ.

ಆರನೆಯ ವಾದ ಈಚಿನದು: ಈಗ ಚಾಟ್‌ಜಿಪಿಟಿ ಇದೆ, ಮಕ್ಕಳು ಕರಡು ಬರೆದು ಅದಕ್ಕೆ ಕೊಡಲಿ, ಅದು ಪದಗಳನ್ನು ಮೆರುಗುಗೊಳಿಸುತ್ತದೆ, ಜಗಳ ಮುಗಿಯಿತು. ಮುಗಿದಿಲ್ಲ, ಈಗ ಶುರುವಾಗಿದೆ. ಡಿಮಿಟ್ರಿ ಕೋಬಾಕ್ ಮತ್ತು ಸಂಗಡಿಗರು ವೈದ್ಯಕೀಯ ಸಂಶೋಧನಾ ಲೇಖನಗಳ ಭಂಡಾರವಾದ ಪಬ್‌ಮೆಡ್‌ನಲ್ಲಿ 2010ರಿಂದ 2024ರವರೆಗೆ ಬಂದ ಸುಮಾರು ಒಂದೂವರೆ ಕೋಟಿ ಸಾರಾಂಶಗಳ ಪದಗಳನ್ನು ಎಣಿಸಿದರು. ‘ಡೆಲ್ವ್ಸ್’, ‘ಅಂಡರ್‌ಸ್ಕೋರ್ಸ್’, ‘ಶೋಕೇಸಿಂಗ್’ ಇಂಥ ಪದಗಳು ಒಮ್ಮೆಲೇ ಮುಗಿಲಿಗೇರಿದ್ದವು. 2024ರ ಸಾರಾಂಶಗಳಲ್ಲಿ ಕನಿಷ್ಠ ಶೇ 13.5 ಭಾಗ ಇಂಥ ಯಂತ್ರದ ಕೈಯಲ್ಲಿ ಹಾದುಬಂದಿವೆ ಎಂದು ಅವರು ಅಂದಾಜಿಸಿದರು. ಮೆರುಗು ಎಂದು ಯಾವುದನ್ನು ಕಲಿಸುತ್ತಿದ್ದರೋ ಅದು ಈಗ ಯಂತ್ರದ ಬೆರಳಚ್ಚು. ನಿನ್ನೆಯವರೆಗೆ ‘ಡೆಲ್ವ್’ ಬರೆದರೆ ಅಂಕ ಕೊಡುತ್ತಿದ್ದವರೇ ಇಂದು ‘ಡೆಲ್ವ್’ ಕಂಡರೆ ನಕಲು ಎಂದು ಕೆಂಪು ಗೆರೆ ಎಳೆಯುತ್ತಾರೆ.

ಹಾಗಾದರೆ ಸರಳವಾಗಿ ಬರೆದ ವಿದ್ಯಾರ್ಥಿ ಪಾರಾದನೇ? ಅವನೂ ಇಲ್ಲ. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಎಐ ಪತ್ತೆ ತಂತ್ರಾಂಶಗಳಿಗೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರಹ ಎಂದು ತಪ್ಪಾಗಿ ಹೇಳಿದವು. ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಬರಹವನ್ನು ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಮನುಷ್ಯರದ್ದೆಂದು ಗುರುತಿಸಿದವು. ಕಾರಣ, ಮುಂದಿನ ಪದ ಸುಲಭವಾಗಿ ಊಹೆಗೆ ಸಿಕ್ಕರೆ ಈ ತಂತ್ರಾಂಶಗಳಿಗೆ ಅನುಮಾನ ಬರುತ್ತದೆ. ಅದೇ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದ ಸಿರಿವಂತಗೊಳಿಸಿ ಮರಳಿ ಕೊಟ್ಟಾಗ ತಪ್ಪು ಆರೋಪ ಬಹಳ ಇಳಿಯಿತು. ನೋಡಿ, ಪದಸಂಪತ್ತು ಮಕ್ಕಳನ್ನು ಕಾಪಾಡಿತು ಎಂದು ಎದುರಾಳಿಗಳು ಇದನ್ನೂ ತಮ್ಮ ಕಡೆ ಎಳೆದುಕೊಳ್ಳಬಹುದು. ಎಳೆದುಕೊಳ್ಳಲಿ. ಯಂತ್ರದಿಂದ ಬರೆಸಿದವರನ್ನು ಬಿಟ್ಟು ಸ್ವಂತ ಬರೆದವರನ್ನು ಹಿಡಿಯುವ ಅಳತೆಗೋಲು ನಮ್ಮದೂ ಹೌದು ಎಂದು ಒಪ್ಪಿಕೊಂಡಂತಾಗುತ್ತದೆ. ಪದದ ಸಿರಿಯನ್ನು ಮನುಷ್ಯನ ಗುರುತು ಎಂದುಕೊಂಡ ಎಲ್ಲರಿಗೂ, ಅದು ತಂತ್ರಾಂಶವಿರಲಿ ಪರೀಕ್ಷಕರಿರಲಿ, ಈ ಗತಿಯೇ.

ಕೊನೆಗೆ ಉಳಿಯುವುದು ಅವರ ಅತ್ಯಂತ ಗಂಭೀರವಾದ ಆಕ್ಷೇಪ, ಮತ್ತು ಇದನ್ನು ಗೌರವದಿಂದಲೇ ಎದುರಿಸಬೇಕು. ‘ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಹಳ್ಳಿಯ ಮಕ್ಕಳಿಗೆ ದೊಡ್ಡ ಇಂಗ್ಲಿಷನ್ನು ನಿರಾಕರಿಸುತ್ತಿದ್ದೀರಿ. ನಗರದ ಮಕ್ಕಳಿಗೆ ಅದು ಮನೆಯಲ್ಲೇ ಸಿಗುತ್ತದೆ. ಪಟ್ಟಿಯನ್ನೂ ಕಸಿದುಕೊಂಡರೆ ಇವರಿಗೆ ಉಳಿಯುವುದೇನು?’ ಆಕ್ಷೇಪದ ಹಿಂದಿನ ಕಳಕಳಿ ನನ್ನದೂ ಹೌದು. ಅದಕ್ಕಾಗಿಯೇ ಕೇಳುತ್ತೇನೆ: ನಗರದ ಮಕ್ಕಳಿಗೆ ಮನೆಯಲ್ಲಿ ಸಿಗುವುದು ಏನು? ಪಟ್ಟಿಯಲ್ಲ. ‘ಸ್ಟ್ರಾಂಗ್ ಎವಿಡೆನ್ಸ್’ ಎನ್ನಬಹುದು, ‘ಪವರ್‌ಫುಲ್ ಎವಿಡೆನ್ಸ್’ ಕಿವಿಗೆ ಕೊಂಚ ಬೇರೆ. ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಡ. ‘ರಿಸರ್ಚ್’ ಅನ್ನು ‘ಡು’ ಮಾಡಬಹುದು, ‘ಕಂಡಕ್ಟ್’ ಮಾಡಬಹುದು, ‘ಮೇಕ್’ ಮಾಡುವಂತಿಲ್ಲ. ಅವರಿಗೆ ಸಿಗುವುದು ಸಾಮಾನ್ಯ ಪದಗಳ ಈ ಒಡನಾಟ. ಹಳ್ಳಿಯ ವಿದ್ಯಾರ್ಥಿಗೆ ಸಿಗದೆ ಹೋಗಿರುವುದು ಇದು. ಅವನಿಗೆ ಇದನ್ನು ಕೊಡದೆ, ನಗರದ ಮಕ್ಕಳೂ ಬಳಸದ ಮಿರಿಯಡ್, ಪ್ಲೆಥೋರಾಗಳನ್ನು ಕೊಟ್ಟು ಕಳಿಸುತ್ತಾರೆ. ಸಂದರ್ಶನದ ಮೇಜಿನ ಆಚೆ ಕೂತವರಿಗೆ ಅವನ ಊರು ಆ ಪದದಿಂದಲೇ ಗೊತ್ತಾಗುತ್ತದೆ. ಸಮಾನತೆಯ ಹೆಸರಿನಲ್ಲಿ ಅವನ ಹಣೆಗೆ ಚೀಟಿ ಅಂಟಿಸಿದವರು ಯಾರು?

ಅವನ ಬಳಿ ಏನೂ ಇಲ್ಲ ಎಂಬ ಊಹೆಯೇ ತಪ್ಪು. ಸಂಶೋಧನೆಯ ಬರಹಕ್ಕೆ ಬೇಕಾದ ಅತಿ ಸೂಕ್ಷ್ಮವಾದ ವಿವೇಕ, ತನಗೆ ಎಷ್ಟು ಗೊತ್ತು, ಹೇಗೆ ಗೊತ್ತು ಎಂದು ಅಳೆದು ಹೇಳುವುದು. ಕನ್ನಡದಲ್ಲಿ ಬೆಳೆದವರು ಇದನ್ನು ದಿನವೂ ಮಾಡುತ್ತಾರೆ. ‘ಮಳೆ ಬಂತು’ ಎಂದರೆ ಕಂಡದ್ದು. ‘ಮಳೆ ಬಂತಂತೆ’ ಎಂದರೆ ಕೇಳಿದ್ದು, ಹೊಣೆ ಹೇಳಿದವರದು. ‘ಮಳೆ ಬಂದ ಹಾಗಿದೆ’ ಎಂದರೆ ನೆಲ ಒದ್ದೆ ಕಂಡು ಹೇಳಿದ್ದು. ‘ಬಂದಿರಬೇಕು’ ಎಂದರೆ ಬಲವಾದ ಅನುಮಾನ, ‘ಬಂದಿರಬಹುದು’ ಎಂದರೆ ಬರಿಯ ಸಾಧ್ಯತೆ. ಹೊಲದ ಬದುವಿನಲ್ಲಿ ನಿಂತು ಮಾತಾಡುವ ರೈತ ಈ ಐದರಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವುದಿಲ್ಲ. ಇಂಗ್ಲಿಷ್ ಪ್ರಬಂಧದಲ್ಲಿ ‘ವಿ ಅಬ್ಸರ್ವ್ಡ್’, ‘ಇಟ್ ಈಸ್ ರಿಪೋರ್ಟೆಡ್’, ‘ಇಟ್ ಅಪಿಯರ್ಸ್’, ‘ಮಸ್ಟ್ ಹ್ಯಾವ್’, ‘ಮೇ ಹ್ಯಾವ್’ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ರಾಗಿ ಬೆಳೆಗಾರರ ಮೇಲೆ ಪ್ರಬಂಧ ಬರೆದ ವಿದ್ಯಾರ್ಥಿನಿಗೆ ‘ಪ್ರೂವ್ಸ್’ ಏಕೆ ತಪ್ಪು ಎಂದು ಹೇಳಲು ಇಂಗ್ಲಿಷ್ ನಿಘಂಟು ಬೇಕಿಲ್ಲ. ‘ಇದನ್ನು ನಿಮ್ಮಮ್ಮನಿಗೆ ಕನ್ನಡದಲ್ಲಿ ಹೇಳುವುದಾದರೆ ಆಯಿತು ಅನ್ನುತ್ತೀಯೋ, ಆದ ಹಾಗಿದೆ ಅನ್ನುತ್ತೀಯೋ?’ ಎಂದು ಕೇಳಿದರೆ ಸಾಕು. ಆಕೆ ಸರಿಯಾದ ಉತ್ತರ ಕೊಡುತ್ತಾಳೆ, ಆ ಉತ್ತರಕ್ಕೆ ತಕ್ಕ ಇಂಗ್ಲಿಷ್ ಕ್ರಿಯಾಪದವೂ ಆಕೆಗೆ ಗೊತ್ತಿದೆ.

ಇದಕ್ಕೆಲ್ಲ ಸಮಯ ಎಲ್ಲಿದೆ, ಒಬ್ಬ ಮಾರ್ಗದರ್ಶಕರ ಕೈಯಲ್ಲಿ ಹಲವು ಪ್ರಬಂಧಗಳಿರುತ್ತವೆ, ಪಟ್ಟಿ ಹಂಚುವುದು ಸುಲಭ ಎಂಬುದು ಅವರ ಕಡೆಯ ಮಾತು. ಸುಲಭ ಎಂಬುದನ್ನು ಒಪ್ಪುತ್ತೇನೆ. ಮೇಲಿನ ಆರೂ ವಾದಗಳ ಬೆನ್ನಿಗಿದ್ದ ನಿಜವಾದ ಕಾರಣ ಇದೇ ಎಂದು ನನಗೆ ಮೊದಲಿನಿಂದಲೂ ಅನ್ನಿಸಿದೆ. ಆದರೆ ಸಮಯವಿಲ್ಲ ಎಂಬುದು ಪೂರ್ತಿ ನಿಜವಲ್ಲ. ಇಡೀ ಪ್ರಬಂಧ ತಿದ್ದಬೇಕಾಗಿಲ್ಲ. ಫಲಿತಾಂಶದ ಅಧ್ಯಾಯದಿಂದ ಒಂದು ಪುಟ ತೆಗೆದುಕೊಳ್ಳಿ. ತೀರ್ಮಾನ ಹೇಳುವ ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಎಳೆಯಿರಿ. ಪ್ರತಿಯೊಂದರ ಎದುರಿಗೂ, ಈ ಮಾತಿಗೆ ಆಧಾರ ಯಾವ ಕೋಷ್ಟಕ ಎಂದು ವಿದ್ಯಾರ್ಥಿಯಿಂದಲೇ ಬರೆಸಿ. ಬರೆಯಲಾಗದ ಕಡೆ ಪದ ಇಳಿಯಬೇಕು, ಇಲ್ಲವೇ ವಾಕ್ಯ ಹೋಗಬೇಕು. ಮೌಲ್ಯಮಾಪನದ ನಮೂನೆಯಿಂದ ‘ಶಬ್ದಸಂಪತ್ತು’ ಎಂಬ ಕಾಲಂ ಅಳಿಸಿ, ಅಲ್ಲಿರುವ ಅಂಕವನ್ನು ಈ ಅಡಿಗೆರೆಗಳಿಗೆ ಕೊಡಿ. ಕಾರ್ಯಾಗಾರಕ್ಕೆ ಮೀಸಲಿಟ್ಟ ದಿನವನ್ನೇ ಇದಕ್ಕೆ ಬಳಸಿಕೊಳ್ಳಬಹುದು. ಹೊಸ ಆದೇಶವೂ ಬೇಡ, ಹೊಸ ಅನುದಾನವೂ ಬೇಡ.